ಅರ್ಧ ಗೇಣಿನ ದೂರ

ಸ್ವಪ್ನ ಒಂದು ಸಲವೂ ನನ್ನ ಕಡೆ ನೋಡಿ ನಗಲಿಲ್ಲ. ಇಡೀ ಬೇಸಿಗೆ ನಾನು ನಕ್ಕಿದ್ದೇ ಬಂತು.

ಚಳ್ಳಕೆರೆಯ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಬೆಳಿಗ್ಗೆ ನಮ್ಮ ಕರಾಟೆ ಕ್ಲಾಸು. ಹಿಂದಿನ ದಿನದ ಮದುವೆ ಸಾರಿನ ವಾಸನೆ ಇನ್ನೂ ನೆಲ ಬಿಟ್ಟಿರುತ್ತಿರಲಿಲ್ಲ. ಅವಳು ಕಂದು ಬೆಲ್ಟು ಕಟ್ಟಿ ಎದುರು ಸಾಲಿನಲ್ಲಿ ನಿಲ್ಲುತ್ತಿದ್ದಳು. ಮೊಳಕಾಲ್ಮೂರು ಕಡೆಯ ಹಟ್ಟಿಯವಳು, ಇಲ್ಲಿ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ನಾನು ಓಬಳೇಶ್, ಲೈನ್‌ಮನ್. ಕಂಬ ಹತ್ತುವವನಿಗೆ ಸೊಂಟ ಗಟ್ಟಿ ಇರಲಿ ಎಂದು ಸೇರಿಕೊಂಡೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಮೊದಮೊದಲು ಅದು ನಿಜವೂ ಆಗಿತ್ತು.

ನಕ್ಕರೆ ನಗು ವಾಪಸ್ ಬರಲಿಲ್ಲ. ಜಂಬದ ಹುಡುಗಿ ಎಂದು ತೀರ್ಮಾನ ಮಾಡಿದೆ. ನನಗೆ ಕೋಪ ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ.

ಒಂದು ದಿನ ಕ್ಲಾಸು ಮುಗಿಸಿ ಬಾಗಿಲಿಗೆ ಬಂದೆ. ನನ್ನ ಚಪ್ಪಲಿಗೆ ಅಡ್ಡವಾಗಿದ್ದ ಯಾರದೋ ಶೂ ಸರಿಸಲು ಕಾಲೆತ್ತಿದೆ.

"ಯಾರದು, ನನ್ನ ಶೂ ಹತ್ರ? ಕಾಲು ತಗೀರಿ," ಎಂದು ಹಿಂದಿನಿಂದ ಸ್ವಪ್ನಳ ದನಿ ಬಂತು.

ಶೂ ಒಳಗೆ ಕನ್ನಡಕವಿತ್ತು. ದಪ್ಪ ಗಾಜು. ಅವಳು ಬಗ್ಗಿ ತಡಕಾಡಿ ಅದನ್ನು ತೆಗೆದು ಹಾಕಿಕೊಂಡಳು. ಆಮೇಲೆ ನನ್ನನ್ನು ಮೊದಲ ಸಲ ನೋಡಿದವಳಂತೆ ನೋಡಿದಳು. ನಿಜಕ್ಕೂ ಅದು ಮೊದಲ ಸಲವೇ.

"ಎದುರು ನಿಲ್ಲೋರು ನೀವೇನಾ?"

"ಇಷ್ಟು ದಿನ ಕಾಣ್ಲಿಲ್ವಾ?"

"ಬಿಳಿ ಮೂಟೆ ಥರ ಕಾಣ್ತಿದ್ರಿ. ಒಳಗೆ ನನಗೆ ಎಲ್ರೂ ಮೂಟೆಗಳೇ."

"ಇಡೀ ಬೇಸಿಗೆ ನಾನು ನಗ್ತಿದ್ದೆ."

"ಮೂಟೆ ನಗೋದು ನನಗೆ ಹೆಂಗೆ ಗೊತ್ತಾಗ್ಬೇಕು?" ಅವಳು ಕನ್ನಡಕ ತೆಗೆದು, ಅಂಗೈಯನ್ನು ಮೂಗಿನ ಹತ್ತಿರ ತಂದು ಹಿಡಿದಳು. "ಅರ್ಧ ಗೇಣು. ಅಷ್ಟರೊಳಗೆ ಬಂದ್ರೆ ಇರುವೆ ಮೀಸೆನೂ ಕಾಣ್ತೈತೆ. ಅದರಾಚೆ ಬರೀ ಹೊಗೆ."

"ಹಂಗಾದ್ರೆ ಹತ್ರ ಬಂದು ನಗಬೇಕಿತ್ತು."

"ಬಂದಿದ್ರೆ ಮೂಗಿಗೊಂದು ಬೀಳ್ತಿತ್ತು," ಎಂದಳು. ಹೇಳುವಾಗ ತುಟಿಯ ತುದಿ ಸ್ವಲ್ಪ ಮೇಲೆ ಹೋಗಿದ್ದನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ.

ಆ ಕನ್ನಡಕದ ಜೊತೆ ಅವಳು ಪಟ್ಟ ಪಾಡು ಒಂದೆರಡಲ್ಲ. ಎಲಾಸ್ಟಿಕ್ ಕಟ್ಟಿದರೆ ಮೊದಲ ಪಂಚಿಗೇ ಹಾರಿ ಕಿಟಕಿಗೆ ಬೀಳುತ್ತಿತ್ತು. ಪ್ಲಾಸ್ಟಿಕ್ ಗಾಗಲ್ಸಿಗೆ ಬೆವರಿನ ಮಂಜು ಹಿಡಿಯುತ್ತಿತ್ತು. ಕಾಂಟ್ಯಾಕ್ಟ್ ಲೆನ್ಸು ಹಾಕಿ ನೋಡಿದಳು, ನಮ್ಮೂರಿನ ಗಾಳಿ ಮತ್ತು ಧೂಳಿಗೆ ಕಣ್ಣು ಮೆಣಸಿನಪುಡಿ ಬಿದ್ದಂತೆ ಕೆಂಪಾಯಿತು. ಫೈಟಿಗೆ ನಿಂತರೆ ಕನ್ನಡಕ ಇರಕೂಡದು ಎಂದು ನಾಗೇಂದ್ರಪ್ಪ ಮಾಸ್ಟರ್ ಬೇರೆ ಖಡಾಖಂಡಿತ. ಅದಕ್ಕೇ ಶೂ.

ಸ್ವಲ್ಪ ದಿನಕ್ಕೆ ಕನ್ನಡಕ ನನ್ನ ಕೈಗೆ ಬಂತು. "ಶೂಗಿಂತ ನೀವು ವಾಸಿ," ಎಂದಳು. ನಾನು ಅದನ್ನು ಕರ್ಚೀಫಿನಲ್ಲಿ ಸುತ್ತಿ ಕೂರುತ್ತಿದ್ದೆ. ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ನೆನಪಿಲ್ಲ.

"ಕಾಣ್ದೆ ಇದ್ರೂ ಹೆಂಗೆ ತಡೀತೀಯ?" ಎಂದು ಕೇಳಿದೆ.

"ಹೆಗಲು ನೋಡ್ತೀನಿ. ಮೂಟೆ ಯಾವ ಕಡೆ ವಾಲ್ತೈತೆ ಅಂತ. ನೀನಾದ್ರೆ ಅದೂ ಬೇಡ. ಒದೆಯೋ ಮುಂಚೆ ಉಸಿರು ಹಿಡಿತೀಯ."

ನನಗೇ ಗೊತ್ತಿಲ್ಲದ ನನ್ನ ಗುಟ್ಟು ಅವಳಿಗೆ ಗೊತ್ತಿತ್ತು. ಆ ದಿನ ಕಂಬದ ಮೇಲೆ ನಿಂತು ಸುಮ್ಮಸುಮ್ಮನೆ ನಕ್ಕೆ. ಕೆಳಗೆ ಏಣಿ ಹಿಡಿದಿದ್ದ ತಿಪ್ಪಯ್ಯ ಬೈದ.

ಸೆಕೆ ಇಳಿಯುತ್ತಿದ್ದ ದಿನಗಳು. ಕೆಳಗೆ ಮದುವೆ ಇದ್ದುದರಿಂದ ಅವತ್ತು ಕ್ಲಾಸು ಟೆರೇಸಿನ ಮೇಲೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಅಲ್ಲಿ ಮಿಂಚಿತಾ?" ಎಂದಳು ಸ್ವಪ್ನ.

"ಎಲ್ಲಿ?"

ಅವಳು ಎಡಗಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿದಳು. "ಇಲ್ಲಿ ಫಳ್ ಅಂತೈತೆ. ನಿನ್ನೆನೂ ಅಂತು. ಕಪ್ಪು ಎಳೆ ಬೇರೆ ತೇಲ್ತಾವೆ, ಒಲೆ ಮಸಿ ಹಾರಿದಂಗೆ."

ನಾನು ಡಾಕ್ಟರಲ್ಲ. ಆದರೆ ಕಿಡಿ ಇರಬಾರದ ಕಡೆ ಕಿಡಿ ಕಂಡರೆ ಮೊದಲು ಮೇನ್ ಆಫ್ ಮಾಡಿಸುತ್ತೇನೆ, ಆಮೇಲೆ ಉಳಿದ ಮಾತು.

"ಇವತ್ತೇ ತೋರಿಸು."

"ಭಾನುವಾರ ಟೆಸ್ಟ್ ಐತೆ. ಮುಗೀಲಿ."

"ಟೆಸ್ಟ್ ಮುಂದಿನ ವರ್ಷನೂ ಇರ್ತೈತೆ."

"ಡಾಕ್ಟರು ಇನ್ಮೇಲೆ ಫೈಟೇ ಬೇಡ ಅಂದ್ರೆ?" ಅವಳು ಕನ್ನಡಕ ಹಾಕಿಕೊಂಡು ನನ್ನನ್ನು ದಿಟ್ಟಿಸಿದಳು. "ಬ್ಲ್ಯಾಕ್ ಬೆಲ್ಟ್ ಬಂದ್ರೆ ಮೊಳಕಾಲ್ಮೂರಲ್ಲಿ ನನ್ನದೇ ಕ್ಲಾಸು. ಹಟ್ಟಿ ಹುಡುಗೀರು ಈಗ್ಲೇ ಕಾಯ್ತಾವ್ರೆ. ನನ್ನ ಹತ್ರ ಇರೋದು ಇದೊಂದೇ ಓಬಳೇಶ. ಯಾರಿಗೂ ಹೇಳಬ್ಯಾಡ. ನನ್ನ ಮೇಲೆ ಆಣೆ."

ಅವಳ ಮೇಲಿನ ಆಣೆ ಎಂದಕೂಡಲೇ ನನ್ನ ಬಾಯಿ ಕಟ್ಟಿತು.

ಶನಿವಾರ ಅಭ್ಯಾಸಕ್ಕೆ ನಾವಿಬ್ಬರೂ ಎದುರುಬದುರು ನಿಂತೆವು. ನನ್ನ ಬಲಗಾಲಿನ ಕಿಕ್ ಅವಳ ಎಡಗಡೆಗೆ ಹೋಯಿತು. ಎಷ್ಟೋ ಸಲ ನೊಣ ಓಡಿಸಿದಂತೆ ಅದನ್ನು ತಳ್ಳಿದ್ದಳು. ಇವತ್ತು ಅವಳ ಕೈ ಏಳಲೇ ಇಲ್ಲ. ಕಾಲನ್ನು ಹೇಗೆ ತಡೆದುಕೊಂಡೆನೋ, ಅವಳ ಹೆಗಲು ಸವರಿ ಇಳಿಯಿತು. ಮತ್ತೆ ಆ ಕಾಲು ಎತ್ತಲಿಲ್ಲ.

"ಎಡಗಡೆ ಯಾಕೆ ಬಿಟ್ಟೆ?"

"ಕಾಲು ನೋವು."

"ಸುಳ್ಳು. ಕನಿಕರ ತೋರಿಸ್ತಿದೀಯ."

ಅವಳು ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಹೇಳಿದಳು: "ಎಡಗಣ್ಣಿಗೆ ಪರದೆ ಎಳೆದಂಗೆ ಆಗ್ತೈತೆ. ಇವತ್ತು ನಿನ್ನದು ಒಂದೇ ಹೆಗಲು ಕಾಣ್ತೈತೆ."

ಕಂಬದಿಂದ ಬಿದ್ದವರನ್ನು ನೋಡಿದ್ದೇನೆ, ಅವತ್ತಿನಷ್ಟು ಹೆದರಿರಲಿಲ್ಲ. ಗಾಡಿ ತರುತ್ತೇನೆ, ಈಗಲೇ ಹೋಗೋಣ ಎಂದೆ. "ನಾಳೆ ಒಂದು ದಿನ," ಎಂದು ಕೈ ಬಿಡಿಸಿಕೊಂಡು ಹೋದಳು.

ಭಾನುವಾರ ಹಾಲಿನ ತುಂಬ ಜನ. ಸ್ವಪ್ನಳಿಗೆ ಎದುರಾಳಿಯಾಗಿ ಬಂದವಳು ಬಳ್ಳಾರಿಯ ಉದ್ದನೆಯ ಹುಡುಗಿ. ಅವಳ ಬಲಗಾಲಿನ ಏಟಿಗೆ ಬೆಳಿಗ್ಗೆ ಹಲಗೆ ಮುರಿದಿದ್ದನ್ನು ಎಲ್ಲರೂ ನೋಡಿದ್ದೆವು.

ಸ್ವಪ್ನ ಕನ್ನಡಕ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಹುಷಾರು," ಎಂದಳು. ಕನ್ನಡಕಕ್ಕೆ ಹುಷಾರು ಹೇಳುವ ಹುಡುಗಿ.

ಮಾಸ್ಟರ್ ಕೈ ಬೀಸಿದರು. ಇಬ್ಬರೂ ಸುತ್ತಿದರು. ಬಳ್ಳಾರಿಯವಳು ಅಳತೆ ನೋಡಲು ಒಂದು ಕಿಕ್ ಬಿಟ್ಟಳು. ಅದು ಸ್ವಪ್ನಳ ಎಡಗಿವಿಯ ಪಕ್ಕದಲ್ಲಿ ಹಾದು ಹೋಯಿತು, ಕೂದಲು ಅಲ್ಲಾಡಿತು. ಸ್ವಪ್ನ ಕತ್ತು ತಿರುಗಿಸಲಿಲ್ಲ, ರೆಪ್ಪೆ ಬಡಿಯಲಿಲ್ಲ. ಎಂಥ ಧೈರ್ಯ ಎಂದು ಯಾರೋ ಚಪ್ಪಾಳೆ ತಟ್ಟಿದರು. ತನ್ನ ಪಕ್ಕದಲ್ಲಿ ಏನು ಹೋಯಿತು ಎಂದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಬಳ್ಳಾರಿಯವಳು ಈಗ ಸರಿಯಾದ ಅಳತೆಗೆ ಒಂದು ಹೆಜ್ಜೆ ಮುಂದೆ ಬಂದಳು.

ನಾನು ಮ್ಯಾಟಿನ ಮೇಲೆ ನಡೆದು ಇಬ್ಬರ ನಡುವೆ ನಿಂತೆ.

"ಮಾಸ್ಟರ್, ನಿಲ್ಸಿ. ಇವಳಿಗೆ ಎಡಗಣ್ಣು ಕಾಣ್ತಿಲ್ಲ."

ನಾಗೇಂದ್ರಪ್ಪ ಮಾಸ್ಟರ್ ಅವಳ ಎಡಕ್ಕೆ ಬಂದು ಕೈ ಎತ್ತಿದರು. "ಕೈ ಅಲ್ಲಾಡ್ತೈತಾ, ನಿಂತೈತಾ ಅಮ್ಮ? ತಿರುಗಬ್ಯಾಡ, ಹಂಗೇ ಹೇಳು."

ಅವಳು ಹೇಳಲಿಲ್ಲ. ಕನ್ನಡಕಕ್ಕೆ ನನ್ನ ಕಡೆ ಕೈ ಚಾಚಿದಳು. ಕೊಟ್ಟೆ. ನನ್ನ ಬೆವರಿಗೆ ಗಾಜು ಒದ್ದೆಯಾಗಿತ್ತು.

"ಆಣೆ ಹಾಕಿದ್ದೆ."

"ಹೌದು."

"ಇನ್ಮೇಲೆ ನನ್ನ ಕಣ್ಣಿಗೆ ಬೀಳಬ್ಯಾಡ," ಎಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಅವತ್ತೇ ಮಾಸ್ಟರ್ ತಮ್ಮ ಕಾರಿನಲ್ಲಿ ದಾವಣಗೆರೆಗೆ ಕರೆದುಕೊಂಡು ಹೋದರು. ಮರುದಿನವೇ ಆಪರೇಷನ್. ನನಗೆ ಸುದ್ದಿ ಬರುತ್ತಿದ್ದುದು ಅವರಿಂದಲೇ. ಗೋಡೆಯಿಂದ ಸುಣ್ಣ ಎದ್ದ ಹಾಗೆ ಕಣ್ಣಿನ ಒಳಪದರ ಎದ್ದಿತ್ತಂತೆ. ಅಷ್ಟು ದಪ್ಪ ಗಾಜು ಹಾಕುವವರಿಗೆ ಆ ಪದರವೇ ತೆಳ್ಳಗಂತೆ. ಒಂದು ಏಟು ಬಿದ್ದಿದ್ದರೆ ಪೂರ್ತಿ ಹೋಗುತ್ತಿತ್ತಂತೆ. ಪದರ ಕೂರಲಿ ಎಂದು ಒಳಗೆ ಗ್ಯಾಸ್ ತುಂಬಿದ್ದಾರೆ, ಡಾಕ್ಟರು ಹೇಳುವ ತನಕ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ದೃಷ್ಟಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು. ಬಲಗಣ್ಣಿನಲ್ಲೂ ತೆಳ್ಳಗಿನ ಜಾಗ ಸಿಕ್ಕಿ ಲೇಸರ್ ಹಾಕಿದ್ದಾರೆ. ಇನ್ನು ಫೈಟ್ ಇಲ್ಲ.

ಫೋನು ಮಾಡಿದೆ, ಅವಳು ಎತ್ತಲಿಲ್ಲ. ಒಂದೂ ದಿನ ಎತ್ತಲಿಲ್ಲ. ಕೊನೆಗೆ ರಜೆ ಹಾಕಿ ಬೈಕು ಹತ್ತಿದೆ. ಮೊಳಕಾಲ್ಮೂರು ದಾಟಿ ಹಟ್ಟಿ ದಾರಿ ಹಿಡಿದಾಗ, ವಾಪಸ್ ಹೋಗು ಎಂದರೆ ಏನು ಮಾಡುವುದು ಎಂಬ ಒಂದೇ ಯೋಚನೆ.

ಅವಳವ್ವ ಮೂಗಮ್ಮ ಬಾಗಿಲಲ್ಲಿ ಶೇಂಗಾ ಬಿಡಿಸುತ್ತಿದ್ದರು.

"ಯಾರಪ್ಪ?"

"ಚಳ್ಳಕೆರೆಯಿಂದ ಬಂದೆ ಅಮ್ಮ. ಕ್ಲಾಸಿನವನು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಳಗೈತೆ," ಎಂದರು.

ಒಳಗೆ ಹಗ್ಗದ ಮಂಚ. ಅವಳಪ್ಪ ಚಿಕ್ಕೀರಪ್ಪ ತಲೆಯ ಕಡೆ ಹಗ್ಗ ಸಡಿಲಿಸಿ, ಮುಖ ಹಿಡಿಯುವಷ್ಟು ಕಿಂಡಿ ಮಾಡಿ, ಸುತ್ತ ಮೆತ್ತಗೆ ಕಂಬಳಿ ಚೂರು ಸುತ್ತಿದ್ದರು. ಅದರಲ್ಲಿ ಮುಖವಿಟ್ಟು ಸ್ವಪ್ನ ಬೋರಲು ಮಲಗಿದ್ದಳು. ನಾನು ಹೊಸ್ತಿಲಲ್ಲೇ ನಿಂತೆ.

"ಉಸಿರು ಹಿಡಕೊಂಡು ನಿಂತಿದೀಯ," ಎಂದಳು ನೆಲಕ್ಕೆ. "ಒದೆಯೋಕೆ ಬಂದ್ಯಾ?"

"ಮುಖ ತೋರಿಸೋಕೆ ಬಂದೆ."

"ನಾನು ತಲೆ ಎತ್ತಂಗಿಲ್ಲ. ಕಣ್ಣಿಗೆ ಬೀಳಬ್ಯಾಡ ಅಂದಿದ್ದೆ ಬೇರೆ."

ಆ ದನಿಯಲ್ಲಿ ಸಿಟ್ಟು ಎಷ್ಟು, ತಮಾಷೆ ಎಷ್ಟು, ಗೊತ್ತಾಗಲಿಲ್ಲ. ನಾನು ನೆಲದ ಮೇಲೆ ಅಂಗಾತ ಮಲಗಿ ಮಂಚದ ಕೆಳಗೆ ಜಾರಿದೆ. ಮೇಲೆ ಅವಳ ಮುಖ. ಎಡಗಣ್ಣಿಗೆ ಬಿಳಿ ಪಟ್ಟಿ. ಬಲಗಣ್ಣು ನನ್ನನ್ನು ಹುಡುಕುತ್ತಿತ್ತು.

"ಇನ್ನೂ ಹೊಗೆ," ಎಂದಳು.

ಅಷ್ಟರಲ್ಲಿ ಬಾಗಿಲ ಹತ್ತಿರ ಕೆಮ್ಮು ಕೇಳಿತು. "ಮಂಚದ ಕೆಳಗೆ ಯಾರ ಕಾಲು?"

"ಲೈನ್‌ಮನ್ ಕಣಪ್ಪ."

ಚಿಕ್ಕೀರಪ್ಪ ಬಗ್ಗಿ ನೋಡಿದರು. "ಕರೆಂಟು ಅಲ್ಲಿಗೂ ಹೋಗೈತಾ?"

ಹೊರಗಿನಿಂದ ಮೂಗಮ್ಮ ತೆಲುಗಿನಲ್ಲಿ "ಉಂಡನೀ" ಎಂದರು, ಇರಲಿ ಬಿಡು ಎಂದು. ಚಿಕ್ಕೀರಪ್ಪನವರ ಹೆಜ್ಜೆ ಕುರಿದೊಡ್ಡಿಯ ಕಡೆ ಹೋಯಿತು.

ಸ್ವಪ್ನ ಮೆಲ್ಲಗೆ ಕೇಳಿದಳು, "ಎಡಗಣ್ಣು ಬರದಿದ್ರೆ?"

"ನಾನು ಎಡಗಡೆ ನಿಂತ್ಕೋತೀನಿ."

"ಬಲಗಣ್ಣಿಗೂ ಗ್ಯಾರಂಟಿ ಇಲ್ಲ ಅಂದವ್ರೆ. ಅದೂ ಹೋದ್ರೆ ಅರ್ಧ ಗೇಣೂ ಇರಲ್ಲ ಓಬಳೇಶ."

ಹಾಗೇನೂ ಆಗಲ್ಲ ಎಂದು ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತಿತ್ತು.

"ಆವಾಗ ಉಸಿರು ಹಿಡಿತೀನಿ," ಎಂದೆ. "ನಾನು ಎಲ್ಲಿದೀನಿ ಅಂತ ನಿನಗೆ ಗೊತ್ತಾಗ್ತೈತೆ. ನೀನಂದ್ರೆ ನನಗೆ ಜೀವ ಸ್ವಪ್ನ. ಆಣೆ ಮುರಿದದ್ದೂ ಅದಕ್ಕೇ. ಇನ್ನೊಂದು ಸಲ ಹಂಗಾದ್ರೂ ಮುರಿತೀನಿ."

ಒಂದು ಹನಿ ನೇರ ನನ್ನ ಹಣೆಯ ಮೇಲೆ ಬಿತ್ತು.

"ಮ್ಯಾಲೆ ಬಾ," ಎಂದಳು.

ಮೊಣಕೈ ಊರಿ ಮೇಲೆದ್ದೆ. ಅವಳ ಉಸಿರು ಮುಖಕ್ಕೆ ತಗುಲಿತು. ಇನ್ನೂ ಸ್ವಲ್ಪ ಎಂದಳು. ಬಲಗಣ್ಣು ಅಲೆಯುವುದನ್ನು ಬಿಟ್ಟು ನಿಂತಿತು. ಅರ್ಧ ಗೇಣಿನೊಳಗೆ ಬಂದಿದ್ದೆ.

"ಈಗ ನಗು. ಇಡೀ ಬೇಸಿಗೆ ನಕ್ಕೆ ಅಂದ್ಯಲ್ಲ, ನಾನು ನೋಡೇ ಇಲ್ಲ."

ನಗುವುದು ಕಷ್ಟವಾಗಿತ್ತು, ಆದರೂ ನಕ್ಕೆ. ಅವಳು ನನ್ನ ಬಾಯಿ, ಹಲ್ಲು, ಕೆನ್ನೆಯ ಗೀರು, ಹುಬ್ಬು ಒಂದೊಂದನ್ನೇ ನಿಧಾನವಾಗಿ ನೋಡಿದಳು. ಮುಂದೆಂದಾದರೂ ಬೇಕಾದೀತು ಎಂದು ಎತ್ತಿಡುವವಳಂತೆ ನೋಡಿದಳು. ನನ್ನ ಮೊಣಕೈ ನೋಯುತ್ತಿತ್ತು, ನಾನು ಇಳಿಯಲಿಲ್ಲ.

ಎಲ್ಲ ನೋಡಿ ಮುಗಿಸಿದ ಮೇಲೆ ಅವಳೂ ನಕ್ಕಳು.