ಮೈಗೆ ಹತ್ತದ ಸಕ್ಕರೆ

"ಇವತ್ತೂ ಇಣುಕ್ತಿದ್ದೀಯಲ್ಲ, ಸಿದಾತಿ! ಮದುವೆವರೆಗೂ ತಡ್ಕೊಳ್ಳೋಕಾಗಲ್ವಾ?"

ಪರದೆಯ ಹಿಂದಿನಿಂದ ತೆಸ್ಲೆಮ್ ನಕ್ಕಳು. ನಗು ಅವಳದೇ. ಪರದೆ ಹಿಡಿದ ಬೆರಳುಗಳು ಮಾತ್ರ ಬೇರೆ ಯಾರದೋ ಎನ್ನುವಷ್ಟು ಸಣ್ಣಗಾಗಿದ್ದವು. ಮದುಮಗ ಸಿದಾತಿ ಕೊಟ್ಟಿದ್ದ ಬೆಳ್ಳಿಯುಂಗುರ ಜಾರದಿರಲೆಂದು ದಾರ ಸುತ್ತಿದ್ದಳು.

ಇಳಿಹೊತ್ತಿನ ಅಸರ್ ನಮಾಜು ಮುಗಿದಿತ್ತು. ಮರುಭೂಮಿಯ ಅತಾರ್ ಊರಿನ ಮೇಲೆ ಧೂಳು ಹಳದಿಯಾಗಿ ನಿಂತಿತ್ತು. ತಾಯಿಯಿಲ್ಲದ ತೆಸ್ಲೆಮ್‌ಳನ್ನು ಸಾಕಿದ ಸೋದರತ್ತೆ ಮಗ್ಬೂಲಾ ಸಕ್ಕರೆಗಟ್ಟಿ ಒಡೆದು ಒಡೆದು ಚಹಾಕ್ಕೆ ಹಾಕುತ್ತಲೇ ಇದ್ದಳು. ನಮ್ಮಲ್ಲಿ ಮದುಮಗಳು ಮೈತುಂಬಿಕೊಂಡು ಹೊರಡದಿದ್ದರೆ ಸಾಕಿದವಳಿಗೇ ಅವಮಾನ.

"ಸಾಕು ಅತ್ತೆ. ಸಕ್ಕರೆ ತಿಂದ್ರೆ ಬೊಜ್ಜು ಬರುತ್ತೆ ಅಂತ ರೇಡಿಯೋದಲ್ಲಿ ಡಾಕ್ಟರೇ ಹೇಳಿದ್ರು," ಎಂದ ಸಿದಾತಿ. ಅವನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ.

"ನಾನೂ ಅದನ್ನೇ ಅಲ್ವೇನೋ ಹೇಳ್ತಿರೋದು! ಬರ್ಲಿ ಅಂತಾನೇ ಕೊಡ್ತಿದ್ದೀನಿ."

"ಇನ್ನೊಬ್ಬ ಡಾಕ್ಟರು, ಬರೀ ಸಕ್ಕರೆಯಿಂದ ಬರಲ್ಲ ಅಂತ ವಾದ ಮಾಡಿದ್ರು."

"ಅವರವರೇ ಮೊದಲು ಜಗಳ ತೀರಿಸ್ಕೊಳ್ಳಲಿ." ಮಗ್ಬೂಲಾಳ ದನಿ ತಗ್ಗಿತು. "ಆದ್ರೆ ಇವಳಿಗೆ ಯಾಕೆ ಹತ್ತುತ್ತಿಲ್ಲ, ಹೇಳು? ಕೊಟ್ಟಷ್ಟೂ ಒಣಗ್ತಾಳೆ. ಒಳಗೆ ಯಾರೋ ಕೂತು ತಿನ್ತಿದ್ದಾರೆ ಕಣಪ್ಪಾ."

ಪರದೆಯ ಹಿಂದೆ ಗುಟುಕು ಗುಟುಕಾಗಿ ನೀರು ಇಳಿಯುವ ಸದ್ದು. ಬಿಂದಿಗೆ ಬರಿದಾಗುವವರೆಗೂ ಅದು ನಿಲ್ಲಲಿಲ್ಲ. ಸಿದಾತಿ ಬಾಯೊಳಗೇ ದೇವರ ಹೆಸರು ಹೇಳಿಕೊಂಡ.

ಆಗ ಗೋಡೆಯ ಬುಡದಲ್ಲಿ ಇರುವೆಗಳ ಕಪ್ಪು ಗೆರೆ ಕಂಡಿತು. ಸಕ್ಕರೆಯ ತಟ್ಟೆ ಇತ್ತ. ಅವು ಹೊರಟಿದ್ದು ಅತ್ತ, ಹಿತ್ತಲ ಬಚ್ಚಲಿಗೆ. ಸದ್ದಿಲ್ಲದೆ, ಯಾರೋ ಕರೆದ ಹಾಗೆ.

"ತೆಸ್ಲೆಮ್, ನೀನು ಬಚ್ಚಲಿಗೆ ಹೋಗಿಬಂದ್ರೆ ಅಲ್ಲಿ ಇರುವೆ ಮುತ್ತುತ್ತಾ?"

"ಥೂ, ಮದುಮಗ ಕೇಳೋ ಮಾತಾ ಇದು!" ಎಂದು ನಕ್ಕವಳು ಪಿಸುಗುಟ್ಟಿದಳು. "ಮುತ್ತುತ್ತೆ. ನಾನು ಹೋಗಿಬಂದ್ರೆ ಮಾತ್ರ. ಹೆದರ್ಕೊಂಡು ಯಾರಿಗೂ ಹೇಳಿಲ್ಲ."

ಸಿದಾತಿ ಎದ್ದು ನಿಂತ. "ಅತ್ತೆ, ಇದು ಸಕ್ಕರೆ ಕಾಯಿಲೆ ಅನ್ಸುತ್ತೆ. ತಿಂದ ಸಕ್ಕರೆ ಮೈಗೆ ಸೇರದೆ ಮೂತ್ರದಲ್ಲಿ ಹಾಗೇ ಹೊರಗೆ ಹೋಗ್ತಿದೆ, ಅದಕ್ಕೇ ಇರುವೆ. ಈಗಲೇ ಆಸ್ಪತ್ರೆಗೆ ಹೋಗೋಣ. ತಡ ಮಾಡಿದ್ರೆ ಇವಳು ಉಳಿಯಲ್ಲ."

"ಇಂಥ ಸಣಕಲು ಮದುಮಗಳನ್ನ ಬೀದೀಲಿ ಕರ್ಕೊಂಡು ಹೋದ್ರೆ ಜನ ಏನಂತಾರೋ?"

"ಜನ ಮದುವೆ ಆಗ್ತಿಲ್ಲ ಅತ್ತೆ. ನಾನು ಆಗ್ತಿರೋದು."

ಮಗ್ಬೂಲಾ ಚಪ್ಪಲಿ ಹುಡುಕಿದಳು.

ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರುವಾಗಿ ಕೆಲವು ದಿನಗಳಾದ ಮೇಲೆ ತೆಸ್ಲೆಮ್ ದಿಂಬಿಗೊರಗಿ ಕೂತಳು. ಅವಳ ಕಣ್ಣಿಗೆ ಅವಳ ನೋಟವೇ ಮರಳಿ ಬಂದಿತ್ತು. ನಮ್ಮಲ್ಲಿ ಹೆಂಗಸರು ಪ್ರೀತಿಯನ್ನು ಎರಡೇ ಸಾಲಿನಲ್ಲಿ ಹಾಡಿಕೊಳ್ಳುತ್ತಾರೆ; ಅದು ಗಂಡಸರ ಕಿವಿಗೆ ಬೀಳಬಾರದು. ತೆಸ್ಲೆಮ್ ಸಿದಾತಿಯ ಮುಖ ನೋಡುತ್ತಲೇ ಹಾಡಿದಳು:

ನನ್ನೊಳಗಿನ ಬಾವಿಗೆ ತಳವಿಲ್ಲ ಎಂದರು;
ನಿನ್ನ ಹೆಸರು ಬಿತ್ತು, ನೀರು ಸದ್ದು ಮಾಡಿತು.

"ಏಯ್! ಗಂಡಸು ಕೂತಿದ್ದಾನೆ ಕಣೇ!" ಎಂದು ಮಗ್ಬೂಲಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಕೂತಿರ್ಲಿ ಅತ್ತೆ. ಅವನಿಗೇ ಹೇಳಿದ್ದು."