ಕಬೂಲ್ ಅನ್ನಲು ಬಿಡಲೇ ಇಲ್ಲ

"ನನ್ನ ಒಲ್ಲೆ ಅನ್ನೋದಿದ್ರೆ ಈಗ್ಲೇ ಹೇಳಿಬಿಡು!"

ಖತೀಜಾಬೀ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಹತ್ತಿ ಜಾರಿತು. ಮದುವೆ ನಿಶ್ಚಯವಾಗಿ ಎಂಟೇ ದಿನ. ಮದುವೆಗೆ ಮೊದಲೇ ಗಂಡು ಹೀಗೆ ಎದುರು ಬಂದು ನಿಲ್ಲುವುದುಂಟೇ! ಹರಿಹರದ ಆ ಸಣ್ಣ ಓಣಿಯಲ್ಲಿ ಯಾರಾದರೂ ನೋಡಿದರೆ?

ಅವನು ಕುತುಬುದ್ದೀನ್. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸ. ಅವಳಪ್ಪ ಮಕ್ತುಮ್ ಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅವತ್ತು ಗಾದಿ ಕೊಟ್ಟುಬರಲು ಹೋಗಿದ್ದರು.

"ಮದ್ವಿ ದಿನ ಸಾಕ್ಷಿಯೋರು ಪರದೆ ಹತ್ರ ಬಂದು ಕೇಳ್ತಾರೆ. ನೀನು 'ಕಬೂಲ್' ಅನ್ಬೇಕು. ಅರ್ಥ ಗೊತ್ತಾ?"

"ಮನ್ಯಾಗ ನಾವು ಕನ್ನಡಾನೇ ಆಡೋದ್ರಿ... ಬಜಾರದಾಗ ದರ ಕಬೂಲು ಅಂತಾರಲ್ಲ, ಅದೇನಾ? ನಾನೇನ್ ಹತ್ತಿ ಮೂಟೆನಾ?"

ಅವನು ನಗಲಿಲ್ಲ.

"ಅದೇ ಮಾತು. ಅರಬ್ಬಿದು. ಒಪ್ಪಿಗೆ ಐತೆ ಅಂತ. ನಮ್ಮಕ್ಕ ಅಮೀನಾಬೀ ತನ್ನ ಮದ್ವಿ ದಿನ ಬಾಯೇ ಬಿಡ್ಲಿಲ್ಲ. ಹೆಣ್ಣು ಸುಮ್ನಿದ್ರೆ ಒಪ್ಪಿದಂಗೆ ಅಂತ ಹಿರೇರು ಮುಗಿಸಿಬಿಟ್ರು. ಮನಸ್ಸಿಲ್ಲದ ಮನ್ಯಾಗ ಕೊರಗಿ ಕೊರಗಿ ಎರಡೇ ವರ್ಷಕ್ಕೆ ಸತ್ತೋದ್ಲು. ನಿನ್ನ ಬಾಯಿಂದ ಆ ಮಾತು ಬಂದ್ರೆ ಮಾತ್ರ ಈ ಮದ್ವಿ. ಬರ್ಲಿಲ್ಲಾಂದ್ರೆ ಎದ್ದು ಹೋಗ್ತೀನಿ."

ಇಂಥವನೂ ಇರುತ್ತಾನಾ!

ಅವನು ಹೋದ ಮೇಲೆ ಒಬ್ಬಳೇ ಹೇಳಿ ನೋಡಿದಳು. ಕಬೂಲ್... ಕಬೂಲ್... ಹೇಳಿದಷ್ಟೂ ನಾಚಿಕೆ, ಹೇಳಿದಷ್ಟೂ ಆಸೆ. ಮದುವೆಯವರೆಗೂ ಅವಳಿಗೆ ಅದೇ ಕೆಲಸವಾಯಿತು.

ಮದುವೆಯ ದಿನ ಸಾಕ್ಷಿಯವರು ಪರದೆಯ ಹತ್ತಿರ ಬಂದು ಕೇಳಿದರು. ಖತೀಜಾ ಬಾಯಿ ತೆರೆದಳು.

"ಕ..."

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ರಹಮತ್ ಬೀ ಸೆರಗಿನೊಳಗೆ ಕೈ ತೂರಿಸಿ ಅವಳ ಬಾಯಿ ಒತ್ತಿ ಹಿಡಿದರು! "ಮದುಮಗಳ ದನಿ ಗಂಡಸ್ರಿಗೆ ಕೇಳ್ಬಾರ್ದು. ಮಾನ ಹೋಗ್ತೈತೆ!" ಎಂದು ಕಿವಿಯಲ್ಲಿ ಉಸುರಿ, ಪರದೆಯಾಚೆಗೆ ಕೂಗಿ ಹೇಳಿದರು. "ಹುಡುಗಿ ನಾಚ್ಕೊಂಡೈತೆ. ಒಪ್ಪಿದಂಗೇ, ಹೋಗ್ರಿ."

ಆಚೆಯಿಂದ ಕುತುಬುದ್ದೀನನ ದನಿ ಬಂತು. "ಬಾಯ್ಬಿಟ್ಟು ಅಂದ್ಲಾ?"

"ಇಲ್ಲಪ್ಪ, ಸುಮ್ನಿದ್ಲು. ಸಾಕಲ್ಲ?" ಎಂದರು ಸಾಕ್ಷಿಯವರು.

"ಸಾಲಲ್ಲ. ಮನಸ್ಸಿಲ್ಲದೋಳ್ನ ನಾನು ಕಟ್ಕೊಳ್ಳಲ್ಲ."

ಅವಳು ಕೊಸರಾಡಿ ಆ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಗಂಡಿನವರ ಜಟಕಾ ಓಣಿ ದಾಟಿತ್ತು. ಅಯ್ಯೋ, ಒಂದೇ ಒಂದು ಮಾತು!

ಮಕ್ತುಮ್ ಸಾಬ್ ಅವಮಾನದಿಂದ ಕುಸಿದರು. "ಅವನ ಹೆಸ್ರು ಎತ್ತಿದ್ರೆ ನನ್ನ ಹೆಣ ನೋಡ್ತೀಯ" ಎಂದುಬಿಟ್ಟರು. ಗಂಡು ಬಿಟ್ಟುಹೋದ ಹುಡುಗಿಯನ್ನು ಓಣಿಯ ನಾಲಿಗೆ ಸುಮ್ಮನೆ ಬಿಡುತ್ತದೆಯೇ? ಎಂಟು ತಿಂಗಳು ಖತೀಜಾ ಹತ್ತಿಯ ರಾಶಿಯಲ್ಲಿ ಮುಖ ಹುದುಗಿಸಿ ಅತ್ತಳು.

ಆಮೇಲೆ ನಂದಿಗುಡಿಯಿಂದ ಇನ್ನೊಂದು ಸಂಬಂಧ ಬಂತು.

"ಸುಮ್ನಿದಾಳೆ. ಒಪ್ಪಿದಂಗೇ" ಎಂದರು ರಹಮತ್ ಬೀ, ಮತ್ತೆ.

ಖತೀಜಾ ಎದ್ದು ನಿಂತಳು. "ಒಲ್ಲೆ! ಅವತ್ತು ನಾನು ಹೇಳೋಕೆ ಹೋದಾಗ ನನ್ನ ಬಾಯಿ ಮುಚ್ಚಿದ್ದು ಯಾರ ಕೈ? ಅಪ್ಪಗೆ ಹೇಳು ದೊಡ್ಡಮ್ಮ!"

ದೊಡ್ಡಮ್ಮ ತಲೆ ತಗ್ಗಿಸಿದರು. ಮಕ್ತುಮ್ ಸಾಬ್ ಹಿಂಜುವ ಬಿಲ್ಲು ಕೆಳಗಿಟ್ಟು ಮಗಳನ್ನೇ ನೋಡಿದರು. ಮರುದಿನ ಬೆಳಗ್ಗೆ ತಾವೇ ಅವಳನ್ನು ದಾವಣಗೆರೆಯ ಬಸ್ಸು ಹತ್ತಿಸಿಕೊಂಡು ಹೊರಟರು.

ಅಪ್ಪ ಮಗಳು ಗಿರಣಿಯ ಮುಂದೆ ಕಾದು ನಿಂತರು. ಸೈರನ್ ಕೂಗಿತು. ಗೇಟಿನಿಂದ ಕುತುಬುದ್ದೀನ್ ಬಂದ. ಎಷ್ಟು ಸೊರಗಿದ್ದಾನೆ! ಅವಳನ್ನು ಕಂಡು ನಿಂತಲ್ಲೇ ನಿಂತ.

"ಹೇಳೋಕೆ ಬಾಯಿ ತೆರೆದಿದ್ದೆ. ದೊಡ್ಡಮ್ಮ ಮುಚ್ಚಿ ಹಿಡಿದ್ರು. ಒಂದ್ಸಲ ಪರದೆ ಹತ್ರ ಬಂದು 'ಯಾಕ' ಅಂತ ಕೇಳ್ಬಾರದಿತ್ತೇನ್ರಿ?"

ಅವನ ಮುಖ ಬಿಳಿಚಿತು. ಅಕ್ಕನಿಗಾದದ್ದು ಇನ್ನೊಬ್ಬಳಿಗೆ ಆಗದಿರಲಿ ಅಂದುಕೊಂಡವನು ಇವಳ ಬಾಳನ್ನೇ ಬೀದಿಗೆ ತಂದಿದ್ದ.

"ಇವತ್ತು ನಾನು ಕೇಳ್ತೀನಿ. ಅಪ್ಪನೇ ಸಾಕ್ಷಿ. ನಾನು ನಿಮಗೆ ಕಬೂಲಾ?"

ಅವನು ಬಾಯಿ ತೆರೆದ. ತುಟಿ ಅಲುಗಿತು. ದನಿಯೇ ಹೊರಡಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದ.

ಖತೀಜಾ ಕಾದಳು. ಕೆಲಸ ಬಿಟ್ಟ ಜನರೆಲ್ಲ ಅವರನ್ನು ದಾಟಿ ಹೋದರು.

"ಮಾತು ಬರ್ತಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಇರ್ಲಿ ಬಿಡ್ರಿ... ನಿಧಾನಕ್ಕೆ ಹೇಳ್ರಿ. ನಾನು ನಿಮ್ಮಂಗೆ ಎದ್ದು ಹೋಗಲ್ಲ."