ಕ್ಯಾಪ್ಟನ್ ಮನೆಗೆ ಬಂದ ಕಂತು

"ನಿಮ್ಮ ಉಗುರಲ್ಲಿ ಇನ್ನೂ ಮೇಣ ಇದೆ," ಅಂದ ಅವನು.

ಅವಳ ಕೈ ತಾನಾಗಿಯೇ ಮೇಜಿನ ಕೆಳಗೆ ಸರಿಯಿತು.

ಜಗಳಕ್ಕೆಂದೇ ಬಂದಿದ್ದಳು. ಬಸ್ಸಿನಲ್ಲಿ ಒಂದು ಗಂಟೆ ನಿಂತುಕೊಂಡೇ ಮಾತುಗಳನ್ನು ಮಸೆದುಕೊಂಡು ಬಂದಿದ್ದಳು. ಕಥೆಗಳ ಆ್ಯಪ್ ನಡೆಸುವ ಕಂಪನಿಯ ಗಾಜಿನ ಕೋಣೆಯಲ್ಲಿ ಎದುರಿಗೆ ಕೂತವನು ಅಲ್ಲಿನ ಅತಿ ಜನಪ್ರಿಯ ಧಾರಾವಾಹಿಯ ಲೇಖಕ. ಅವನ ಮುಖ ನೋಡುತ್ತಿದ್ದುದು ಇದೇ ಮೊದಲು. 

ಉಗುರಿನ ಮೇಣದ ವಿಷಯ ಅವಳು ಹೇಳಿದ್ದು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ. ಫೋನಿನ ಪರದೆಯ ಮೇಲೆ ಅವನ ಹೆಸರು 'ರಬ್ಬರ್'.

ಅಂದರೆ... ಆರು ತಿಂಗಳಿಂದ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಈ ಮನುಷ್ಯನ ಜೊತೆಗಾ?

ಅವಳದು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ. ಗುಲಾಬಿ ಬಣ್ಣದ ಮೇಣವನ್ನು ಸಣ್ಣ ದೀಪದಲ್ಲಿ ಕಾಯಿಸಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಬೇಕು. ಕಂಡವರ ಬಾಯಿಗೆಲ್ಲ ಹಲ್ಲು ಕಟ್ಟುತ್ತೀಯ, ನೀನು ಮಾತ್ರ ಹಲ್ಲು ಬಿಟ್ಟು ನಗುವುದಿಲ್ಲ ಎಂದು ಅಕ್ಕ ಹಂಗಿಸುತ್ತಿದ್ದಳು.

ಅಕ್ಕ ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು. ಸಕ್ಕರೆ ಕಾಯಿಲೆ ಅಕ್ಕನ ಕಣ್ಣು ನುಂಗಿ, ಈಗ ಮೂತ್ರಪಿಂಡಕ್ಕೆ ಬಾಯಿ ಹಾಕಿತ್ತು. ಅವಳಿಗೆ ಉಳಿದಿದ್ದು ಒಂದೇ ಆಸೆ. ಸಂಜೆ ಆರಕ್ಕೆ ತಂಗಿ ಓದಿ ಹೇಳುವ ಧಾರಾವಾಹಿ. ದೋಣಿ ನಡೆಸುವ ಕ್ಯಾಪ್ಟನ್, ದಡದ ಶಾಲೆಯ ಟೀಚರ್, ಅವರಿಬ್ಬರ ಮುಗಿಯದ ಪ್ರೀತಿ.

ಒಂದು ಸಂಜೆ ಕ್ಯಾಪ್ಟನ್ ಬಿರುಗಾಳಿಗೆ ಸಿಕ್ಕಿ ಸತ್ತ.

ಆ ಕಂತನ್ನು ಅವಳು ಮನಸ್ಸಿನಲ್ಲೇ ಓದಿಕೊಂಡಳು. ಅಕ್ಕ ಕಾಯುತ್ತಿದ್ದಳು. ಕುರುಡು ಕಣ್ಣು, ಬಾತ ಕಾಲು, ಆದರೂ ಮುಖದಲ್ಲಿ ಮಗುವಿನ ಕುತೂಹಲ.

ಇವಳಿಗೆ ಹೇಗೆ ಹೇಳಲಿ?

ಹೇಳಲಿಲ್ಲ. ಬಾಯಿಗೆ ಬಂದಂತೆ ಕಟ್ಟಿದಳು. ಕ್ಯಾಪ್ಟನ್‌ನನ್ನು ಮೀನುಗಾರರು ದೋಣಿಗೆ ಎಳೆದುಕೊಂಡರು, ಕಾಲು ಮುರಿದಿದೆ, ಜೀವ ಇದೆ. ಮರುದಿನದಿಂದ ಬರೆದಿಟ್ಟುಕೊಂಡು ಓದಿದಳು. ಬರೆದಿದ್ದನ್ನು ಅದೇ ಆ್ಯಪ್‌ನ ಅಭಿಮಾನಿಗಳ ಪುಟದಲ್ಲಿ 'ಮೇಣ' ಎಂಬ ಹೆಸರಿನಲ್ಲಿ ಹಾಕತೊಡಗಿದಳು. ಅಕ್ಕನ ಪಾಲಿಗೆ ಅದೇ ನಿಜವಾದ ಧಾರಾವಾಹಿಯಾಯಿತು.

ಓದುಗರು ನೂರರಿಂದ ಸಾವಿರಗಳಿಗೆ ಏರಿದರು. ಹೊಗಳುವವರೇ ಎಲ್ಲ. ರಬ್ಬರ್ ಒಬ್ಬ ಮಾತ್ರ ತಪ್ಪು ತೋರಿಸುತ್ತಿದ್ದ. ಇಲ್ಲಿ ಟೀಚರ್ ಇಷ್ಟು ಮಾತಾಡುವುದಿಲ್ಲ, ಈ ಸಾಲು ತೆಗೆದರೆ ಅಳು ಬರುತ್ತದೆ ಎನ್ನುತ್ತಿದ್ದ. ತೆಗೆದು ನೋಡಿದರೆ ನಿಜವಾಗಿಯೂ ಅಳು ಬರುತ್ತಿತ್ತು. ಕಥೆಯ ಮಾತು ಮೆಲ್ಲಗೆ ಮನೆಯ ಮಾತಾಯಿತು. ಅಕ್ಕನ ಕಾಯಿಲೆ, ಲ್ಯಾಬಿನ ಬೇಸರ, ಕೈ ಎಷ್ಟು ತೊಳೆದರೂ ಹೋಗದ ಮೇಣ... ದಿನದ ಕೊನೆಯ ಸಂದೇಶ ಅವನದೇ ಆಗಿರಬೇಕು ಎಂಬಷ್ಟು ಅಭ್ಯಾಸವಾಯಿತು. ಅದಕ್ಕೆ ಪ್ರೀತಿ ಎಂದು ಹೆಸರಿಡಲು ಮಾತ್ರ ಅವಳು ಹೆದರಿದಳು.

ಹೀಗಿರುವಾಗ ಅಸಲಿ ಧಾರಾವಾಹಿಯಲ್ಲಿ ಕ್ಯಾಪ್ಟನ್ ಬದುಕಿ ಬಂದ. ಮೀನುಗಾರರು, ಮುರಿದ ಕಾಲು, ಎಲ್ಲ ಅವಳದೇ. ಜೊತೆಗೆ ಒಂದು ಮಾತು: 'ಕಾಲು ಮುರಿದವನಿಗೆ ಮನೆ ದೂರ ಆಗುತ್ತೆ, ಬಾಗಿಲು ಮುಚ್ಚೋದಿಲ್ಲ.' ಕುಂಟುತ್ತಾ ಮರಳಲು ನಾಚುವ ಕ್ಯಾಪ್ಟನ್‌ನ ಕಥೆ ಕೇಳಿ ಅಕ್ಕ ಆಡಿದ ಮಾತು ಅದು. ಅಕ್ಷರ ಬಿಡದೆ ಅವಳು ತನ್ನ ಕಂತಿಗೆ ಸೇರಿಸಿದ್ದಳು.

ಅದೇ ದಿನ ಕಂಪನಿ ಅವಳ ಪುಟವನ್ನು ಅಳಿಸಿ ಹಾಕಿತು. ಪಾತ್ರಗಳನ್ನು ಅನುಮತಿಯಿಲ್ಲದೆ ಬಳಸಿದಿರಿ ಎಂಬುದು ಕಾರಣ. ತಡವಾಗಿ ಬಂದ ಓದುಗರು ಅವಳನ್ನೇ ಕಳ್ಳಿ ಅಂದರು.

ಈಗ ಗಾಜಿನ ಕೋಣೆಯಲ್ಲಿ ಅವಳ ಮಸೆದ ಮಾತುಗಳೆಲ್ಲ ಮೊಂಡಾಗಿ, ಒಂದೇ ಉಳಿದಿತ್ತು.

"ಪಾತ್ರ ನಿಮ್ಮದು. ಒಪ್ತೀನಿ. ಆ ಮಾತು ನಮ್ಮಕ್ಕನದು."

ಅವನು ತಲೆ ತಗ್ಗಿಸಿದ. "ಬರೀವಾಗ ನಂದೇ ಅನ್ಕೊಂಡೆ. ಆಮೇಲೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಗೊತ್ತಾದ ಮೇಲೂ ತೆಗೀಲಿಲ್ಲ. ಅದಕ್ಕಿಂತ ಒಳ್ಳೇದು ನನಗೆ ಹೊಳೀಲಿಲ್ಲ."

ಕ್ಯಾಪ್ಟನ್‌ನನ್ನು ಸಾಯಿಸಲು ಕಂಪನಿಯವರು ಒತ್ತಾಯಿಸಿದ್ದು, ಸಾಯಿಸಿದ ಮೇಲೆ ಒಂದು ಸಾಲೂ ಬರೆಯಲಾಗದೆ ತಾನು ಒದ್ದಾಡಿದ್ದು, ಕ್ಯಾಪ್ಟನ್‌ನನ್ನು ಯಾರಾದರೂ ಬದುಕಿಸಿದ್ದಾರಾ ಎಂದು ಹುಡುಕುತ್ತಾ ಅವಳ ಪುಟಕ್ಕೆ ಬಂದಿದ್ದು, ಎಲ್ಲ ಹೇಳಿದ. ಪುಟ ಅಳಿಸಿದ್ದು ತನಗೆ ತಿಳಿಯದೆ ಅಂದ. ಅದೊಂದೂ ಅವಳ ಕಿವಿಗೆ ಬೀಳಲಿಲ್ಲ. ಕಥೆ ಬೇಕಿತ್ತು, ಅದಕ್ಕೆ ಸ್ನೇಹ ಮಾಡಿದ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಎದ್ದು ಬಂದುಬಿಟ್ಟಳು.

ಆಮೇಲೆ ಪೆನ್ನು ಓಡಲಿಲ್ಲ.

ಮೂರು ಸಂಜೆ ಅಕ್ಕ ಕೇಳಿದಳು. ಬರೆಯುವವರು ರಜೆ ಹಾಕಿದ್ದಾರೆ ಎಂದು ತಂಗಿ ಸುಳ್ಳು ಹೇಳಿದಳು. ಪಾಪ, ಅವರಿಗೂ ಏನು ಕಷ್ಟವೋ ಎಂದು ಅಕ್ಕ ಮರುಗಿದಳು. ನಾಲ್ಕನೆಯ ಸಂಜೆ ಗತಿಯಿಲ್ಲದೆ ತಂಗಿ ಅಸಲಿ ಧಾರಾವಾಹಿಯನ್ನೇ ತೆರೆದು ಓದಿದಳು. ಹತ್ತು ಸಾಲು ಆಗಿರಲಿಲ್ಲ, ಅಕ್ಕ ಕೈ ಎತ್ತಿ ತಡೆದಳು.

"ಇದು ಅವರು ಬರೆದಿದ್ದಲ್ಲ ಕಣೆ. ಯಾರೋ ಅವರ ಥರ ಬರೆಯೋಕೆ ನೋಡಿದ್ದಾರೆ."

ತಂಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು.

ಮುಂದಿನ ವಾರ ಅಕ್ಕನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಇನ್ನು ದಿನಗಳ ಲೆಕ್ಕ ಎಂದು ಡಾಕ್ಟರು ಹೊರಗೆ ಕರೆದು ಹೇಳಿದರು.

ಅದೇ ದಿನ ಲ್ಯಾಬಿನ ಗೆಳತಿ ಫೋನಿನಲ್ಲಿ ಒಂದು ಚಿತ್ರ ಕಳಿಸಿದಳು. ಧಾರಾವಾಹಿಯ ಹೊಸ ಕಂತಿನ ತಲೆಯಲ್ಲೇ ಲೇಖಕ ಬರೆದಿದ್ದ: ಕ್ಯಾಪ್ಟನ್‌ನನ್ನು ಬದುಕಿಸಿದ್ದು ನಾನಲ್ಲ, 'ಮೇಣ' ಎಂಬ ಓದುಗರು. ಕೇಳದೆ ತೆಗೆದುಕೊಂಡೆ. ಕಳ್ಳ ನಾನು. ಕಂಪನಿ ಆ ಸಾಲುಗಳನ್ನು ಒಂದು ಗಂಟೆಯಲ್ಲಿ ಅಳಿಸಿತಂತೆ, ಅವನನ್ನು ಕೆಲಸದಿಂದಲೂ ತೆಗೆಯಿತಂತೆ.

ಅವಳ ಸಿಟ್ಟು ಇಳಿಯಿತೆಂದಲ್ಲ. ಆದರೆ ಸಿಟ್ಟು ಹಿಡಿದುಕೊಂಡು ಕೂರುವಷ್ಟು ಹೊತ್ತು ಅಕ್ಕನ ಹತ್ತಿರ ಇರಲಿಲ್ಲ.

ರಬ್ಬರ್‌ಗೆ ಸಂದೇಶ ಕಳಿಸಿದಳು. 'ಕಥೆಗೆ ಒಂದು ಕೊನೆ ಬೇಕು. ಅಕ್ಕನಿಗೆ. ಒಬ್ಬಳ ಕೈಲಿ ಆಗ್ತಿಲ್ಲ.'

ಮಧ್ಯಾಹ್ನದ ಹೊತ್ತಿಗೆ ಅವನು ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದ. ಕ್ಷಮೆ ಕೇಳಲಿಲ್ಲ, ಹಾಳೆ ಕೇಳಿದ. ಇಬ್ಬರೂ ಸೇರಿ ಬರೆದರು, ಹೊಡೆದು ಹಾಕಿದರು. ಕ್ಯಾಪ್ಟನ್‌ನನ್ನು ಕಂಡು ಟೀಚರ್ ಅಳುತ್ತಾಳೆ ಅಂದ ಅವನು. ಇಲ್ಲ, ಮೊದಲು ಬೈಯುತ್ತಾಳೆ ಅಂದಳು ಇವಳು. ಅವನು ಒಂದು ಗಳಿಗೆ ಅವಳನ್ನೇ ನೋಡಿ, ಬೈಯುತ್ತಾಳೆ ಎಂದೇ ಬರೆದ.

ಒಳಗೆ ಹೋದಾಗ, ಧಾರಾವಾಹಿ ಬರೆಯುವವರು ಬಂದಿದ್ದಾರೆ ಎಂದು ಅಕ್ಕನಿಗೆ ಹೇಳಿದಳು. ಅಕ್ಕ ಗಾಳಿಯಲ್ಲಿ ಕೈ ಚಾಚಿದಳು. ಅವನು ಆ ಕೈ ಹಿಡಿದ.

"ಎಷ್ಟು ದಿನ ಕಾಯಿಸಿದ್ರಿ," ಅಂದಳು ಅಕ್ಕ.

ಅವನು ಕೈ ಬಿಡಲಿಲ್ಲ. "ನಾನಲ್ಲ ಅಕ್ಕ. ನಾನು ಕ್ಯಾಪ್ಟನ್‌ನ ಸಾಯಿಸಿದವನು. ಅಲ್ಲಿಂದ ಇಲ್ಲೀತನಕ ಬರೆದಿದ್ದೆಲ್ಲ ನಿಮ್ಮ ತಂಗಿ."

ತಂಗಿ ಕಲ್ಲಾದಳು. ಇಷ್ಟು ದಿನದ ಸುಳ್ಳು... ಈಗ, ಇಲ್ಲಿ?

ಪಕ್ಕದ ಹಾಸಿಗೆಯ ಯಾರೋ ಕೆಮ್ಮಿದರು.

"ಹಾಗಾದ್ರೆ," ಅಂದಳು ಅಕ್ಕ ಕೊನೆಗೆ, "ಅವಳೇ ಓದಲಿ."

ಓದಿದಳು. ಎರಡು ಕಡೆ ಧ್ವನಿ ಕೈಕೊಟ್ಟಿತು. ಕ್ಯಾಪ್ಟನ್ ಕುಂಟುತ್ತಾ ಮೆಟ್ಟಿಲ ತನಕ ಬಂದ ಕಡೆ ಅಕ್ಕ ತುಟಿ ಅಲ್ಲಾಡಿಸಿದಳು.

"ಬಾಗಿಲು ತೆಗೆದ್ಲಾ?"

"ತೆಗೆದ್ಲು ಅಕ್ಕ."

"ಬೈದ್ಲಾ?"

"ಚೆನ್ನಾಗಿ ಬೈದ್ಲು."

ಅಕ್ಕನ ಮುಖ ಹಗುರಾಯಿತು. ಸುಳ್ಳಿನ ಬಗ್ಗೆ ಅವಳು ಏನೂ ಕೇಳಲಿಲ್ಲ. ನೊಂದುಕೊಂಡಳೋ ಇಲ್ಲವೋ ಎಂಬುದು ತಂಗಿಗೆ ಎಂದಿಗೂ ತಿಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೋದಳು.

ಆಮೇಲೆ ಅವಳು ಅವನ ಕರೆಗಳನ್ನು ಎತ್ತಲಿಲ್ಲ. ಅವನ ಧ್ವನಿ ಕೇಳಿದರೆ ಆ ವಾರ್ಡೇ ಕಣ್ಣ ಮುಂದೆ ಬರುತ್ತಿತ್ತು. ಧಾರಾವಾಹಿಯನ್ನು ಕಂಪನಿ ಇನ್ನೊಬ್ಬರಿಂದ ಬರೆಸಿತು, ಅದಕ್ಕೆ ಬೇರೆಯೇ ಒಂದು ಕೊನೆ ಬಂತೆಂದು ಕೇಳಿದಳು. ಓದಲಿಲ್ಲ. ಬೆಂಚಿನ ಮೇಲೆ ಬರೆದ ಹಾಳೆಗಳನ್ನು ಯಾರಿಗೂ ತೋರಿಸಲೂ ಇಲ್ಲ. ಅವು ಅಕ್ಕನವು.

ಮೂರು ತಿಂಗಳು ಕಳೆದವು. ಅವನು ಕೆಲಸಕ್ಕೆ ಸೇರಿದ್ದಾನೆಂದು ಲ್ಯಾಬಿನ ಗೆಳತಿ ಹೇಳಿದ್ದ ಮುದ್ರಣಾಲಯಕ್ಕೆ ಒಂದು ಶನಿವಾರ ಕಾಲುಗಳೇ ಅವಳನ್ನು ಕರೆದೊಯ್ದವು. ಅವನು ಅಲ್ಲಿ ಶಾಲಾ ಪುಸ್ತಕಗಳ ಕರಡು ತಿದ್ದುತ್ತಿದ್ದ. ಬಡವಾಗಿದ್ದ. ಅವಳನ್ನು ಕಂಡು ಎದ್ದು ನಿಂತ, ಕೂರಿ ಅನ್ನುವುದನ್ನೂ ಮರೆತ.

"ಸಂಜೆ ಆರಾದ್ರೆ ಕುರ್ಚಿ ಎಳ್ಕೊಂಡು ಕೂತ್ಬಿಡ್ತೀನಿ," ಅಂದಳು. "ಓದೋಕೆ ಬಾಯಿ ತೆಗೀತೀನಿ. ಎದುರಿಗೆ ಹಾಸಿಗೆ ಖಾಲಿ."

ಅವನು ಕರಡಿನ ಅಂಚನ್ನು ಮಡಚಿದ, ಬಿಡಿಸಿದ. "ಮೂರು ಸಲ ನಿಮ್ಮ ಲ್ಯಾಬ್ ತನಕ ಬಂದು ವಾಪಸ್ ಹೋದೆ. ಹೇಳೋದೊಂದಿತ್ತು. ಹೇಳಿದ್ರೆ, ಅದನ್ನೂ ನಿಮ್ಮ ಕಥೆಯಿಂದಾನೇ ಎತ್ಕೊಂಡೆ ಅಂತೀರೇನೋ ಅಂತ ಭಯ."

"ನನ್ನ ಕಥೇಲಿ ಅದನ್ನ ಯಾರೂ ಬಾಯಿಬಿಟ್ಟು ಹೇಳಿಲ್ಲ," ಅಂದಳು ಅವಳು. "ಹೇಳು."

ಅವನು ತಟ್ಟನೆ ತಲೆಯೆತ್ತಿದ. "ಏನಂದ್ರಿ?"

"ಹೇಳು ಅಂದೆ."

ಹೇಳಿದ. ಯಂತ್ರದ ಸದ್ದಿನ ನಡುವೆ, ಮೆಲ್ಲಗೆ, ಎಲ್ಲಿಂದಲೂ ಎತ್ತಿಕೊಳ್ಳದ ಎರಡೇ ಮಾತು. ಅವಳ ಕಣ್ಣು ತುಂಬಿತು.

"ಕೇಳಿಸಲಿಲ್ವಾ?" ಅಂದ ಗಾಬರಿಯಿಂದ.

"ಕೇಳಿಸ್ತು," ಅಂದಳು. "ಆದ್ರೂ ಇನ್ನೊಂದ್ಸಲ ಹೇಳು."